ಗೂಡಿನಿಂದ ಸೀರೆಯವರೆಗೆ: ಕೇಳದೇ ಉಳಿದ ಒಂದು ಪ್ರಶ್ನೆ



ನಿಮ್ಮ ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಯೊಂದು ಇದ್ದೇ ಇರುತ್ತದೆ. ಮದುವೆಯ ದಿನ ಉಟ್ಟದ್ದು. ಮಗುವಿನ ಜ್ಞಾನಸ್ನಾನಕ್ಕೆ, ಪ್ರಥಮ ಪರಮಪ್ರಸಾದಕ್ಕೆ, ಊರಹಬ್ಬಕ್ಕೆ ಹೊರತೆಗೆದು, ಮತ್ತೆ ಹಳೆಯ ಪಂಚೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟದ್ದು. ಅದನ್ನು ಕೊಂಡ ದಿನವನ್ನೊಮ್ಮೆ ನೆನಪಿಸಿಕೊಳ್ಳಿ. ಅಂಗಡಿಯವರನ್ನು ಎಷ್ಟೊಂದು ಪ್ರಶ್ನೆ ಕೇಳಿದ್ದೆವು! ಅಪ್ಪಟ ರೇಷ್ಮೆಯೇ? ಜರಿ ಕಪ್ಪಾಗುವುದಿಲ್ಲವಷ್ಟೇ? ಬಣ್ಣ ಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವಿರಾ? ಆದರೆ ಈ ನೂಲನ್ನು ಗೂಡಿನಿಂದ ಬಿಚ್ಚಿದವರು ಯಾರು, ಅವರ ವಯಸ್ಸೆಷ್ಟು, ಅವರ ಕೈಗೆ ಎಷ್ಟು ಕೂಲಿ ಸಿಕ್ಕಿತು ಎಂದು ನಮ್ಮಲ್ಲಿ ಕೇಳಿದವರು ವಿರಳ. ಕೇಳಬೇಕೆಂದು ನಮಗೆ ಹೊಳೆಯಲೂ ಇಲ್ಲ.

ಆ ಪ್ರಶ್ನೆ ಕೇಳದೇ ಉಳಿದದ್ದರಿಂದ ಏನಾಯಿತು ಎಂಬುದಕ್ಕೆ ನಮ್ಮ ನೆರೆಯ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯ ಇತಿಹಾಸವೇ ಸಾಕ್ಷಿ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ರೇಷ್ಮೆಯ ಸೀಮೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟರೆ ಬಿಡದಿ ದಾಟಿದ ಮೇಲೆ ರಾಮನಗರದ ಬಂಡೆಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿಂದ ಮುಂದೆ ಚನ್ನಪಟ್ಟಣ. ಆ ತಾಲ್ಲೂಕಿನ ಬೈರಾಪಟ್ಟಣವೇ ಮೊದಲಾದ ಊರುಗಳ ಸುತ್ತಮುತ್ತ ಹೊಲಗಳಲ್ಲಿ ಹಿಪ್ಪುನೇರಳೆ ಕಾಣುವುದು ಹೊಸತಲ್ಲ. ಕನಕಪುರದ ಕಡೆಗೆ ಹೋದರೂ ಅದೇ ಹಸಿರು. ಹಾರೋಬೆಲೆಯ ನಮ್ಮ ಓದುಗರಿಗೆ ಹುಳು ಸಾಕುವ ಮನೆಯ ಕಷ್ಟಸುಖವನ್ನು ನಾನು ವಿವರಿಸಬೇಕಾಗಿಲ್ಲ. ಸುಮಾರು ಇಪ್ಪತ್ತೈದು ದಿನ ಹುಳಕ್ಕೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವ ತನಕ ಆ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ರೆಯಿಲ್ಲ.

ಈ ಕಸುಬು ಮೈಸೂರು ಸೀಮೆಗೆ ಬಂದದ್ದು 18ನೇ ಶತಮಾನದ ಕೊನೆಯಲ್ಲಿ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳು ತರಿಸಿ ಇಲ್ಲಿ ಬೆಳೆಸಿದನು. ನೂರು ವರ್ಷಗಳ ತರುವಾಯ, 1896ರ ಸುಮಾರಿಗೆ, ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ವಿಧಾನದ ಒಂದು ರೇಷ್ಮೆ ತೋಟವನ್ನು ಸ್ಥಾಪಿಸಿದರು. 1910ರಲ್ಲಿ ಅದರ ಹೊಣೆಯನ್ನು ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ವಹಿಸಿಕೊಂಡಿತು. ಬಸವನಗುಡಿಯ ಬಳಿ ಇಂದಿಗೂ ಬಳಕೆಯಲ್ಲಿರುವ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಅದರ ನೆನಪು. 1912ರಲ್ಲಿ ಮೈಸೂರಿನಲ್ಲಿ ಅರಸರ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1949ರಲ್ಲಿ, ಕೇಂದ್ರ ರೇಷ್ಮೆ ಮಂಡಳಿ ಬಂತು. 1959ರ ರಾಜ್ಯ ಕಾನೂನು ಮೊಟ್ಟೆ, ಗೂಡು, ನೂಲುಗಳ ಮಾರಾಟವನ್ನು ಸರ್ಕಾರದ ನಿಯಂತ್ರಣಕ್ಕೆ ತಂದಿತು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ, 1989ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವಿಟ್ಜರ್ಲೆಂಡ್ ನೆರವಿನ ರಾಷ್ಟ್ರೀಯ ರೇಷ್ಮೆ ಯೋಜನೆ ಬಂದವು. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದೆಂಬ ಹೆಸರು ಬಂತು.

ಗಮನಿಸಿ ಓದುಗರೇ, ಈ ಇತಿಹಾಸದ ತುಂಬ ಸದುದ್ದೇಶವೇ ಇದೆ. ರೈತನಿಗೆ ವರ್ಷವಿಡೀ ಕೈಗೆ ಕಾಸು ಬರಲಿ, ಬಡವರಿಗೆ ಉದ್ಯೋಗ ಸಿಗಲಿ ಎಂಬ ಆಸೆಯಿಂದಲೇ ಇದೆಲ್ಲ ನಡೆದದ್ದು. ಎಷ್ಟು ಎಕರೆ ಹಿಪ್ಪುನೇರಳೆ, ಎಷ್ಟು ಟನ್ ಗೂಡು, ಎಷ್ಟು ಕಿಲೋ ನೂಲು ಎಂದು ಲೆಕ್ಕ ಇಡುವವರಿದ್ದರು. ಗೂಡು ನೂಲಾಗುವ ಜಾಗದಲ್ಲಿ ಯಾರ ಕೈಗಳಿವೆ ಎಂಬ ಲೆಕ್ಕ ಮಾತ್ರ ಬಹುಕಾಲ ಯಾವ ಪುಸ್ತಕಕ್ಕೂ ಏರಲಿಲ್ಲ.

ಬಿಸಿನೀರು ಮತ್ತು ಪುಟ್ಟ ಕೈಗಳು

ಗೂಡು ನೂಲಾಗುವುದು ಹೇಗೆ? ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿಕೊಂಡಿರುವ ಗೋಂದು ಸಡಿಲಗೊಳ್ಳುತ್ತದೆ. ಆಗ ಎಳೆಯ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ರಾಟೆಗೆ ಸುತ್ತಬೇಕು. ಒಂದೊಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಚರಕ ಮತ್ತು ಸಣ್ಣ ಬೇಸಿನ್‌ಗಳ ಕಾಲದಲ್ಲಿ ಈ ತುದಿ ಹುಡುಕುವ ಕೆಲಸವೆಲ್ಲ ಬೆರಳುಗಳದು. ಬಿಚ್ಚಿದ ನೂಲು ಅನಂತರ ಹುರಿ ಮಾಡುವ ಘಟಕಕ್ಕೆ ಹೋಗುತ್ತದೆ. ಅಲ್ಲಿ ಸಾಲುಸಾಲು ಕದಿರುಗಳ ಮುಂದೆ ಓಡಾಡುತ್ತ, ಕಡಿದ ಎಳೆಯನ್ನು ಮತ್ತೆ ಕೂಡಿಸುತ್ತ ಗಂಟೆಗಟ್ಟಲೆ ನಿಂತೇ ಇರಬೇಕು.

ಎಳೆಯ ಬೆರಳುಗಳು ಈ ಕೆಲಸಕ್ಕೆ ಚುರುಕು ಎಂಬ ಮಾತೊಂದು ಚಾಲ್ತಿಯಲ್ಲಿತ್ತು. ಎಳೆಯರು ಕೂಲಿ ಜಾಸ್ತಿ ಕೇಳುವುದಿಲ್ಲ, ಎದುರಾಡುವುದಿಲ್ಲ ಎಂಬುದು ಬಾಯಿಬಿಟ್ಟು ಹೇಳದ ಕಾರಣ.

1996ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಭಾರತದ ಜೀತದ ಮಕ್ಕಳ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು. ಅದು ಪರಿಶೀಲಿಸಿದ ಉದ್ಯಮಗಳಲ್ಲಿ ರೇಷ್ಮೆಯೂ ಒಂದು. 2003ರ ಜನವರಿಯಲ್ಲಿ ಅದೇ ಸಂಸ್ಥೆ ರೇಷ್ಮೆ ಉದ್ಯಮವೊಂದನ್ನೇ ಕುರಿತು 'ಸ್ಮಾಲ್ ಚೇಂಜ್' ಎಂಬ ವರದಿಯನ್ನು ಹೊರತಂದಿತು. ಕರ್ನಾಟಕದ ಬಿಚ್ಚಣಿಕೆ ಹಾಗೂ ಹುರಿ ಘಟಕಗಳು, ವಾರಾಣಸಿ ಮತ್ತು ಕಾಂಚೀಪುರಂ ಕಡೆಯ ಮಗ್ಗಗಳು ಅದರ ವಸ್ತು. ದೇಶದ ರೇಷ್ಮೆ ಉದ್ಯಮದಲ್ಲಿ ಕಡಿಮೆಯೆಂದರೂ 3,50,000 ಮಕ್ಕಳು ಜೀತಕ್ಕಿದ್ದಾರೆಂದು ಅದು ಅಂದಾಜು ಮಾಡಿತು. ಐದು ವರ್ಷದ ಎಳೆಯರಿಂದ ಮೊದಲ್ಗೊಂಡು ಮಕ್ಕಳು ದಿನಕ್ಕೆ ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ, ವಾರಕ್ಕೆ ಆರೂವರೆ ಅಥವಾ ಏಳು ದಿನ ದುಡಿಯುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅಂಗೈ ಸುಟ್ಟು ಬೊಬ್ಬೆ ಬಂದ ಮಕ್ಕಳು, ಸತ್ತ ಹುಳಗಳನ್ನು ಮುಟ್ಟಿ ಮುಟ್ಟಿ ಬೆರಳು ಕೀವಾದ ಮಕ್ಕಳು, ನೂಲಿನ ಎಳೆಯೇ ಬೆರಳನ್ನು ಕೊಯ್ದ ಮಕ್ಕಳು ಆ ಪುಟಗಳಲ್ಲಿ ಮಾತನಾಡಿದ್ದಾರೆ. ಅವರಲ್ಲಿ ಬಹುಪಾಲು ಮಕ್ಕಳು ದಲಿತ ಮತ್ತು ಮುಸ್ಲಿಂ ಕುಟುಂಬಗಳವರು.

ಸಾಲದ ಲೆಕ್ಕ

ಇವರನ್ನು ಹಿಡಿದಿಟ್ಟದ್ದು ಸರಪಳಿಯಲ್ಲ, 'ಅಡ್ವಾನ್ಸ್' ಎಂಬ ಒಂದು ಪದ. ಮನೆಯಲ್ಲಿ ಕಾಯಿಲೆ ಬಂದಾಗ, ಮಗಳ ಮದುವೆ ಒದಗಿದಾಗ, ಮಳೆ ಕೈಕೊಟ್ಟಾಗ ತಂದೆತಾಯಿ ಘಟಕದ ಯಜಮಾನನಿಂದ ಸಾಲ ತರುತ್ತಿದ್ದರು. ವರದಿಯ ಪ್ರಕಾರ ಆ ಸಾಲ ಸಾಮಾನ್ಯವಾಗಿ 1,000ದಿಂದ 10,000 ರೂಪಾಯಿ. ಅದು ತೀರುವ ತನಕ ಮಗು ಅಲ್ಲೇ ದುಡಿಯಬೇಕು. ಮಗುವಿಗೆ ಸಿಗುತ್ತಿದ್ದ ಕೂಲಿಯೋ, ಏನೂ ಇಲ್ಲದಿರುವುದರಿಂದ ಹಿಡಿದು ತಿಂಗಳಿಗೆ ಹೆಚ್ಚೆಂದರೆ ಸುಮಾರು 400 ರೂಪಾಯಿ.

ಈ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದು ಮನೆ 5,000 ರೂಪಾಯಿ ತಂದಿತೆಂದು ಭಾವಿಸೋಣ. ಮಗುವಿನ ಕೈಗೆ ಬಂದ ಪುಡಿಗಾಸು ಆ ತಿಂಗಳ ರಾಗಿಗೇ ಸಾಲದು. ಹೀಗಿರುವಾಗ ಅಸಲು ತೀರುವುದೆಲ್ಲಿಂದ? ಮಗು ಜ್ವರದಿಂದ ನಾಲ್ಕು ದಿನ ಮಲಗಿದರೆ ಕೂಲಿ ಕಡಿತ. ಹಬ್ಬಕ್ಕೆ ಮತ್ತೆ 500 ರೂಪಾಯಿ ಕೈಗಡ. ವರ್ಷದ ಕೊನೆಗೆ ಸಾಲ ಇಳಿಯುವ ಬದಲು ಏರಿರುತ್ತದೆ. ಬೇರೆ ಕಡೆ ಹೆಚ್ಚಿನ ಕೂಲಿ ಸಿಗುತ್ತದೆಂದು ಗೊತ್ತಿದ್ದರೂ ಹೋಗುವಂತಿಲ್ಲ. ಹೋಗಬೇಕಾದರೆ ಅಸಲನ್ನು ಒಂದೇ ಬಾರಿಗೆ ಎಣಿಸಿ ಕೊಡಬೇಕು. ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ಈ ಕೂಲಿಗೆ ನಮ್ಮ ಹಿರಿಯರು ಬಳಸಿದ ಹೆಸರು ಜೀತ.

ಕಾನೂನು ಇರಲಿಲ್ಲವೇ?

ಇತ್ತು, ಬೇಕಾದಷ್ಟಿತ್ತು. ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರು ಅಸಿಂಧುವೆಂದು ಬ್ರಿಟಿಷ್ ಇಂಡಿಯಾದಲ್ಲಿ 1933ರಲ್ಲೇ ಕಾಯಿದೆಯಾಗಿತ್ತು. ನಮ್ಮ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 24ನೇ ವಿಧಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತಿತರ ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿದೆ. 1976ರ ಜೀತಪದ್ಧತಿ ರದ್ದತಿ ಕಾಯಿದೆ ಜೀತದ ಸಾಲಗಳನ್ನೆಲ್ಲ ಅಳಿಸಿಹಾಕಿತು, ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಸಮಿತಿ ಇರಬೇಕೆಂದಿತು, ಸಾಲ ಜೀತದ್ದಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಕೂಡ ಬಲವಂತದ ದುಡಿಮೆಯೇ ಎಂದು ಸಾರಿತು. 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂತು. 1996ರ ಡಿಸೆಂಬರ್ 10ರಂದು ಅದೇ ನ್ಯಾಯಾಲಯ, ಅಪಾಯಕಾರಿ ಕೆಲಸಕ್ಕೆ ಮಗುವನ್ನಿಟ್ಟುಕೊಂಡ ಮಾಲೀಕ ಪ್ರತಿ ಮಗುವಿಗೆ 20,000 ರೂಪಾಯಿಯನ್ನು ಪುನರ್ವಸತಿ ನಿಧಿಗೆ ಕಟ್ಟಬೇಕೆಂದು ಆದೇಶಿಸಿತು.

ಇಷ್ಟಿದ್ದೂ ಹೇಗೆ ನಡೆಯಿತು? ಜಾರಿಗೊಳಿಸಬೇಕಾದ ಅಧಿಕಾರಿಗಳ ನಿಷ್ಕ್ರಿಯತೆಯನ್ನು 2003ರ ವರದಿ ಕಟುವಾಗಿ ಹೇಳಿದೆ. 1986ರ ಕಾಯಿದೆಯಲ್ಲಿ ಒಂದು ಕಿಂಡಿಯೂ ಇತ್ತು: ಮನೆಯವರೇ ಸೇರಿ ನಡೆಸುವ ಘಟಕಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಮನೆಯಂಗಳದ ಕಸುಬಿನಲ್ಲಿ ಯಾರ ಮಗು ಮನೆಯದು, ಯಾರದು ನೆರೆಯದು ಎಂದು ಹೇಳುವವರಾರು?

ಅಷ್ಟೇ ಅಲ್ಲ. ಇನ್ನೂ ಆಳದಲ್ಲಿ ಒಂದು ಕಾರಣವಿತ್ತು. ಈ ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಬಳಿಯೂ ಒಂದು ಉತ್ತರ ಸಿದ್ಧವಾಗಿತ್ತು. 'ನಾನು ಗೂಡು ಮಾರಿದೆ, ಆಮೇಲಿನದು ನನಗೇನು ಗೊತ್ತು?' ಎನ್ನಬಹುದು ರೈತ. 'ಬೆಳಿಗ್ಗೆ ಹರಾಜಿನಲ್ಲಿ ನಗದು ಕೊಟ್ಟು ಗೂಡು ತರಬೇಕು, ಸಂಜೆಗೆ ನೂಲಿನ ದರ ಬಿದ್ದಿರುತ್ತದೆ, ನಾನೂ ಸಾಲಗಾರನೇ' ಎನ್ನಬಹುದು ಬಿಚ್ಚಣಿಕೆದಾರ. ಅದರಲ್ಲಿ ಸುಳ್ಳೂ ಇಲ್ಲ. 'ನಾನು ನೂಲು ಕೊಂಡವನು, ಮಕ್ಕಳನ್ನು ಕೊಂಡವನಲ್ಲ' ಎನ್ನಬಹುದು ವರ್ತಕ. ನೇಯಿಸುವವನಿಗೆ ಗುಣಮಟ್ಟದ ಚಿಂತೆ, ಅಂಗಡಿಯವನಿಗೆ ಗಿರಾಕಿಯ ಚಿಂತೆ, ನಮಗೆ ಬಣ್ಣ ಮತ್ತು ಅಂಚಿನ ಚಿಂತೆ. ಹೀಗೆ ಪಾಪವು ಕೈಯಿಂದ ಕೈಗೆ ದಾಟುತ್ತ ಹೋಗಿ, ಕೊನೆಗೆ ಅದು ಯಾರದೂ ಅಲ್ಲದಂತಾಯಿತು. ಬಾಣಲೆಯ ಮುಂದೆ ಕುಳಿತ ಮಗುವಿನ ಸುಟ್ಟ ಬೆರಳುಗಳು ಮಾತ್ರ ಆ ಮಗುವಿನವೇ ಆಗಿ ಉಳಿದವು.

ಜಗತ್ತು ಕಲಿತ ಪಾಠ

ಈ ಜಾರಿಕೆಯ ಉತ್ತರ ನಮ್ಮಲ್ಲಷ್ಟೇ ಇದ್ದದ್ದಲ್ಲ. ಬೇರೆಡೆಯೂ ಇತ್ತು. ಅದನ್ನು ಎದುರಿಸುವ ಪ್ರಯತ್ನಗಳೂ ನಡೆದವು. ಉತ್ತರ ಭಾರತದ ರತ್ನಗಂಬಳಿ ಮಗ್ಗಗಳಲ್ಲಿ ಮಕ್ಕಳ ಜೀತವನ್ನು ವಿರೋಧಿಸಿ ಹೋರಾಡಿದ ಕೈಲಾಶ್ ಸತ್ಯಾರ್ಥಿಯವರ ಮುಂದಾಳುತನದಲ್ಲಿ 1994ರಲ್ಲಿ 'ರಗ್‌ಮಾರ್ಕ್' ಎಂಬ ಗುರುತು ಬಂತು. ಬಾಲಕಾರ್ಮಿಕರಿಲ್ಲದೆ ನೇಯ್ದದ್ದೆಂದು ತಪಾಸಣೆಯಾದ ಗಂಬಳಿಗೆ ಮಾತ್ರ ಆ ಚೀಟಿ. ಜರ್ಮನಿಯಲ್ಲೋ ಅಮೆರಿಕದಲ್ಲೋ ಗಂಬಳಿ ಕೊಳ್ಳುವ ಗೃಹಿಣಿ ಆ ಚೀಟಿ ಕೇಳಿದಳು. ಅವಳ ಪ್ರಶ್ನೆ ಸಾವಿರಾರು ಮೈಲಿ ದಾಟಿ ಮಗ್ಗದ ಬಾಗಿಲು ತಟ್ಟಿತು.

ಆದರೆ ದುಡುಕಿ ಮಾಡಿದ ಒಳ್ಳೆಯದೂ ಕೇಡಾಗಬಹುದು. 1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಮಕ್ಕಳು ತಯಾರಿಸಿದ ವಸ್ತುಗಳ ಆಮದನ್ನು ತಡೆಯುವ ಮಸೂದೆ ಮಂಡಿಸಿದರು. ಅದು ಕಾನೂನಾಗುವ ಮೊದಲೇ ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳು ಹೆದರಿ ಮಕ್ಕಳನ್ನು ಹೊರಹಾಕಿದವು. ಹಾಗೆ ಬೀದಿಗೆ ಬಿದ್ದವರು ಸುಮಾರು 50,000 ಮಂದಿಯೆಂದು ಯುನಿಸೆಫ್ ಹೇಳಿತು. ಅವರಲ್ಲಿ ಎಷ್ಟೋ ಮಕ್ಕಳು ಕಲ್ಲು ಒಡೆಯುವಂತಹ ಇನ್ನೂ ಕಠಿಣ ಕೆಲಸಗಳಿಗೆ ಹೋದರು. 1995ರಲ್ಲಿ ಕಾರ್ಖಾನೆಗಳ ಸಂಘ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಒಪ್ಪಂದ ಮಾಡಿಕೊಂಡು, ಕೆಲಸ ಬಿಡಿಸಿದ ಮಗುವಿಗೆ ಶಾಲೆಯನ್ನೂ ಮನೆಗೆ ಒಂದಿಷ್ಟು ನೆರವನ್ನೂ ಒದಗಿಸುವ ದಾರಿ ಹಿಡಿದ ಮೇಲೆಯೇ ಪರಿಸ್ಥಿತಿ ಸುಧಾರಿಸಿತು.

ಇಂತಹ ಅನುಭವಗಳ ಸಾರವನ್ನು ಪ್ರೊಫೆಸರ್ ಜಾನ್ ರಗ್ಗಿಯವರು ಕ್ರೋಡೀಕರಿಸಿದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರ ಜೂನ್ 16ರಂದು ಅದನ್ನು ಮಾರ್ಗದರ್ಶಿ ತತ್ವಗಳಾಗಿ ಅನುಮೋದಿಸಿತು. ಅದರ ತಿರುಳು ಸರಳ. ಹಕ್ಕುಗಳನ್ನು ಕಾಯುವುದು ಸರ್ಕಾರದ ಕರ್ತವ್ಯ. ಅವುಗಳನ್ನು ಗೌರವಿಸುವುದು ವ್ಯಾಪಾರ ಮಾಡುವವರ ಹೊಣೆ. ನೊಂದವರಿಗೆ ಪರಿಹಾರ ಸಿಗಲೇಬೇಕು. ವ್ಯಾಪಾರಿಯು ತನ್ನ ವಹಿವಾಟಿನ ಸರಪಣಿಯಲ್ಲಿ ಯಾರಿಗೆ ನೋವಾಗುತ್ತಿದೆ ಎಂದು ತಾನೇ ಹುಡುಕಬೇಕು, ಕಂಡದ್ದನ್ನು ತಡೆಯಬೇಕು, ತಡೆದದ್ದು ಫಲಿಸಿತೇ ಎಂದು ನೋಡಬೇಕು, ನಡೆದದ್ದನ್ನು ಜನರಿಗೆ ತಿಳಿಸಬೇಕು. 'ನನಗೆ ಗೊತ್ತಿರಲಿಲ್ಲ' ಎಂಬುದು ಇನ್ನು ಮೇಲೆ ಸಮಜಾಯಿಷಿಯಲ್ಲ. ತಿಳಿದುಕೊಳ್ಳುವುದೇ ಕರ್ತವ್ಯದ ಮೊದಲ ಮೆಟ್ಟಿಲು. 2019ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಹೊಣೆಯರಿತ ವ್ಯವಹಾರಕ್ಕೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತು. 2022-23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳು ಈ ವಿಷಯಗಳ ಬಗ್ಗೆ ವರ್ಷಕ್ಕೊಮ್ಮೆ ವರದಿ ಕೊಡುವುದು ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಎರಡು ಬೇಸಿನ್ನಿನ ಒಂದು ಶೆಡ್ಡಿನ ತನಕ ಆ ವರದಿಯ ಬೆಳಕು ಬೀಳುವುದು ಸುಲಭವಲ್ಲ.

ನಮ್ಮ ಸಭೆಗೆ ಇದು ಹೊಸ ಉಪದೇಶವೇನಲ್ಲ. 1891ರಲ್ಲಿ ವಿಶ್ವಗುರು 13ನೇ ಲಿಯೋ ಅವರು 'ರೇರುಂ ನೊವಾರುಂ' ವಿಶ್ವಪರಿಪತ್ರದಲ್ಲಿ, ಮೈಯೂ ಮನಸ್ಸೂ ಬಲಿಯುವ ಮೊದಲು ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂದು ಎಚ್ಚರಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಆ ಪರಿಪತ್ರವನ್ನೇ ಮುಖ್ಯ ಕಾರಣವಾಗಿ ಹೇಳಿದರು. ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುತ್ತದೆಂಬ ಸಂತ ಯಾಕೋಬರ ಎಚ್ಚರಿಕೆಯಂತೂ ಅದಕ್ಕಿಂತ ಎಷ್ಟೋ ಹಳೆಯದು.

ಇಂದು ಉಳಿದಿರುವ ಪ್ರಶ್ನೆ

ಇಂದು ಚಿತ್ರ ಬದಲಾಗಿದೆ ಎಂದು ಹೇಳಲು ಸಂತೋಷವಾಗುತ್ತದೆ. ಬಿಸಿಯೂಟ ಬಂತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಜಾರಿಯಾಯಿತು. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದಲೂ ಬಿಡಿಸಿತು. ಆದರೂ ಶಾಲೆಯ ಬಿಡುವಿನಲ್ಲಿ ಮನೆಯ ಕಸುಬಿಗೆ ನೆರವಾಗಬಹುದೆಂಬ ಕಿಂಡಿ ಉಳಿದೇ ಇದೆ. ಸ್ವಯಂಚಾಲಿತ ಬಿಚ್ಚಣಿಕೆ ಯಂತ್ರಗಳು ಬೆರಳಿನ ಕೆಲಸವನ್ನು ಕಡಿಮೆ ಮಾಡಿವೆ. 'ಜೀವಿಕ'ದಂತಹ ಜೀತವಿಮುಕ್ತಿ ಸಂಘಟನೆಗಳು ಊರೂರು ಅಲೆದು ಜೀತದಾಳುಗಳನ್ನು ಗುರುತಿಸಿ ಬಿಡುಗಡೆಗೆ ದುಡಿದಿವೆ. ಈ ಸೀಮೆಯೂ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡಿದೆ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 'ಸಿಲ್ಕ್ ಮಾರ್ಕ್' ಬಂತು. ಸೀರೆಗೆ ಕಟ್ಟಿದ ಆ ಚೀಟಿಯು ಇದು ಅಪ್ಪಟ ರೇಷ್ಮೆಯೆಂದು ಹೇಳುತ್ತದೆ. ಕೃತಕ ನೂಲನ್ನು ರೇಷ್ಮೆಯೆಂದು ಮಾರಿ ಗಿರಾಕಿಗೆ ಮೋಸವಾಗದಿರಲೆಂಬುದು ಅದರ ಉದ್ದೇಶ, ಅದು ಉಪಯುಕ್ತವೇ. ಆದರೆ ಆ ಚೀಟಿ ನಮ್ಮ ಹಣವನ್ನು ಕಾಯುತ್ತದೆ, ನೂಲು ಬಿಚ್ಚಿದವರನ್ನು ಕಾಯುವುದಿಲ್ಲ. ಎಳೆಯ ಶುದ್ಧತೆಯನ್ನು ಅಳೆಯಲು ಕಲಿತ ನಾವು, ಆ ಎಳೆಯನ್ನು ತಂದ ದಾರಿಯ ಶುದ್ಧತೆಯನ್ನು ಅಳೆಯುವ ಒಂದು ಚೀಟಿಯನ್ನು ಕೇಳಲೇ ಇಲ್ಲ.

ಓದುಗರೇ, ಈ ಮಾತು ಸೀರೆಗೇ ಮುಗಿಯುವುದಿಲ್ಲ. ನಮ್ಮ ಧರ್ಮಕೇಂದ್ರಗಳೂ ಗಿರಾಕಿಗಳೇ. ದೇವಾಲಯಕ್ಕೆ ಹೊಸ ನೆಲ ಹಾಸುವಾಗ ಗ್ರಾನೈಟ್ ಕೊಳ್ಳುತ್ತೇವೆ, ಸಮುದಾಯ ಭವನಕ್ಕೆ ಇಟ್ಟಿಗೆ ಕೊಳ್ಳುತ್ತೇವೆ, ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಸುತ್ತೇವೆ. ಮೂರು ಕಡೆ ದರಪಟ್ಟಿ ತರಿಸಿ, ಕಡಿಮೆ ಹೇಳಿದವರಿಗೆ ಕೆಲಸ ಕೊಡುವುದು ಜಾಣ ಆಡಳಿತವೆಂದು ತಿಳಿದಿದ್ದೇವೆ. ಆ ದರ ಅಷ್ಟು ಕಡಿಮೆಯಾದದ್ದು ಹೇಗೆ? ಕಲ್ಲು ಒಡೆದವರಿಗೆ, ಇಟ್ಟಿಗೆ ಸುಟ್ಟವರಿಗೆ ಕನಿಷ್ಠ ಕೂಲಿ ಮುಟ್ಟಿದೆಯೇ? ಅಡ್ವಾನ್ಸಿನ ಹೆಸರಲ್ಲಿ ಯಾರನ್ನಾದರೂ ಕಟ್ಟಿಹಾಕಿದ್ದಾರೆಯೇ? ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ? ಈ ಮೂರು ಪ್ರಶ್ನೆಗಳನ್ನು ಗುತ್ತಿಗೆದಾರರ ಮುಂದಿಡಲು ಯಾವ ಕಾನೂನು ಪಂಡಿತರೂ ಬೇಡ. ಉತ್ತರ ತೃಪ್ತಿಕರವಲ್ಲದಿದ್ದರೆ ಒಡನೆ ಬೆನ್ನು ತಿರುಗಿಸಿ ಹೋಗುವುದೂ ಬೇಡ. ಬಾಂಗ್ಲಾದೇಶದ ಮಕ್ಕಳ ಪಾಡು ನೆನಪಿರಲಿ. ಸರಿಪಡಿಸಲು ಒತ್ತಾಯಿಸಿ, ಸರಿಪಡಿಸುವ ಖರ್ಚಿನಲ್ಲಿ ನಮ್ಮ ಪಾಲು ಹೊರಲು ಸಿದ್ಧರಾಗೋಣ. ನ್ಯಾಯವಾದ ಕೂಲಿಯೂ ಸೇರಿದ ಬೆಲೆ ಸ್ವಲ್ಪ ಹೆಚ್ಚೇ ಆಗುತ್ತದೆ. ಅದನ್ನು ಕೊಡಲೊಲ್ಲದೆ ಬರಿಯ ಪ್ರಶ್ನೆ ಕೇಳುವುದು ಬೂಟಾಟಿಕೆಯಾದೀತು.

ಮುಂದಿನ ಹಬ್ಬಕ್ಕೆ ಆ ಸೀರೆಯನ್ನು ಹೊರತೆಗೆದಾಗ ಅದರ ಒಂದು ಎಳೆಯನ್ನು ನಿಮ್ಮ ಮಕ್ಕಳಿಗೆ ತೋರಿಸಿ, ಅದು ಬಂದ ದಾರಿಯ ಕಥೆಯನ್ನು ಹೇಳಿ. ರಾಮನಗರದ ಯಾವುದೋ ಶೆಡ್ಡಿನಲ್ಲಿ ಅಂದು ಬಾಣಲೆಯ ಮುಂದೆ ಕುಳಿತಿದ್ದ ಮಗುವಿಗೆ ಇಂದು ಮೂವತ್ತೋ ಮೂವತ್ತೈದೋ ವಯಸ್ಸಾಗಿರುತ್ತದೆ. ಆ ದಿನಗಳಲ್ಲಿ ಅದರ ಪರವಾಗಿ ನಾವು ಯಾರೂ ಪ್ರಶ್ನೆ ಕೇಳಲಿಲ್ಲ. ಅದರ ಮಕ್ಕಳ ಪರವಾಗಿಯಾದರೂ ಕೇಳಲು ನಮಗಿನ್ನೂ ಕಾಲ ಮಿಂಚಿಲ್ಲ.